ಭಿಶಿ ದುಡ್ಡು, ಮೊದಲ ಅಪ್‌ರೈಟ್ ಬೇಸ್

ನಮ್ಮಲ್ಲಿ ಸಮಾಲೋಚನೆಗೆ ಬಂದ ಈ ವಿದ್ಯಾರ್ಥಿಯ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ. ವಯಸ್ಸು 20, ಬೆಳಗಾವಿಯಲ್ಲಿ ಪದವಿಯ ಎರಡನೇ ವರ್ಷ. ತಾಯಿ ಹೊಲಿಗೆ ಕೆಲಸದಿಂದ ಮನೆ ನಡೆಸುತ್ತಾರೆ. ಕಾಲೇಜು ಗ್ಯಾದರಿಂಗ್, ಮದುವೆ ಆರ್ಕೆಸ್ಟ್ರಾ ಎಂದು ಮೂರು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದ ಹುಡುಗನಿಗೆ ಜಾಝ್ ಹಿಡಿಸಿ, ಈಗ ಅಪ್‌ರೈಟ್ ಬೇಸ್, ಅಂದರೆ ಪಿಟೀಲಿನ ಆಕಾರದ, ನಿಂತು ನುಡಿಸುವ ದೊಡ್ಡ ಬೇಸೇ ಬೇಕು ಎನ್ನಿಸಿತ್ತು. ಆದರೆ ಅವನು ಬಂದದ್ದು ವಾದ್ಯದ ವಿಷಯ ಕೇಳಲಿಕ್ಕಲ್ಲ. ಹತ್ತು ದಿನದಿಂದ ನಿದ್ದೆ ಇರಲಿಲ್ಲ, ಪರೀಕ್ಷೆ ಹತ್ತಿರ ಬಂದರೂ ಪುಸ್ತಕ ತೆರೆದಿರಲಿಲ್ಲ.

"ಸೋಮವಾರದೊಳಗ ಅಡ್ವಾನ್ಸ್ ಹಾಕ್ಬೇಕಂತ್ರಿ ಮೇಡಮ್, ಇಲ್ಲಾಂದ್ರ ಬ್ಯಾರೇದವ್ರಿಗೆ ಕೊಡ್ತಾರಂತ."

ಆನ್‌ಲೈನಿನಲ್ಲಿ ಕಂಡ ಆ ಬೇಸಿನ ಬೆಲೆ ₹58,000. ಪೂರ್ಣ ಅಳತೆ, 'ಅಸಲಿ ಕೆತ್ತಿದ ಮರ' ಎಂಬ ಮಾತು, ನಾಲ್ಕು ಫೋಟೊ. ಕೈಯಲ್ಲಿದ್ದದ್ದು ₹60,000: ಟ್ಯೂಷನ್ ಮತ್ತು ಆರ್ಕೆಸ್ಟ್ರಾದಿಂದ ಉಳಿಸಿದ್ದು 22,000, ತಾಯಿ ಎತ್ತಿಕೊಟ್ಟ ಭಿಶಿ, ಅಂದರೆ ಚೀಟಿ ಹಣ, 38,000. ಅರ್ಧ ಗಂಟೆ ಮಾತಾಡಿದ ಮೇಲೆ ಒಳಗಿನದು ಹೊರಗೆ ಬಂತು: "ಅವ್ವ ಒಂದ್ ಮಾತೂ ಕೇಳ್ಲಿಲ್ರಿ, ತಗೋ ಅಂತ ಕೊಟ್ಲು. ತಪ್ಪ್ ಮಾಲ್ ತಂದ್ರ ಆಕೀಗಿ ಮಾರಿ ಹ್ಯಾಂಗ್ ತೋರಿಸ್ಲಿ?"

ನಿದ್ದೆ ಕೆಡಿಸಿದ್ದು ಈ ಭಯ. ಅದರ ಮೇಲೆ ಮಾರುವವನು ಹಾಕಿದ ಗಡುವು ಬೇರೆ. ಮೊದಲ ಸಲಹೆ ಇಷ್ಟೇ: ಕೈಯಿಂದ ಮುಟ್ಟಿ ನೋಡದ ಬೇಸಿಗೆ ಒಂದು ರೂಪಾಯಿಯೂ ಮುಂಗಡ ಬೇಡ. ಮಾರುವವನಿಗೆ ಮೂರು ಫೋಟೊ ಕಳಿಸಲು ಹೇಳಿಸಿದೆವು. ನಟ್‌ನಿಂದ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಜ್‌ವರೆಗೆ (ಹೊಟ್ಟೆಯ ಮೇಲೆ ತಂತಿ ಹೊತ್ತು ನಿಂತ ಕುದುರೆ) ಟೇಪ್ ಹಿಡಿದದ್ದು ಒಂದು, ಬೆರಳೊತ್ತುವ ಹಲಗೆಯಾದ ಫಿಂಗರ್‌ಬೋರ್ಡಿನ ಕೊನೆಯಲ್ಲಿ ತಂತಿ ಎಷ್ಟು ಎತ್ತರ ಎಂದು ಸ್ಕೇಲ್ ಇಟ್ಟದ್ದು ಇನ್ನೊಂದು, ಕತ್ತು ಹೊಟ್ಟೆಗೆ ಕೂಡುವ ಜಾಗದ್ದು ಮೂರನೆಯದು. 'ಎಲ್ಲಾ ಸರಿಯಿದೆ' ಎಂಬ ಉತ್ತರ ಬಂತು, ಫೋಟೊ ಬರಲಿಲ್ಲ. ಸೋಮವಾರ ಕಳೆಯಿತು. ಆ ಜಾಹೀರಾತು ಮುಂದಿನ ವಾರವೂ ಅಲ್ಲೇ ಇತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ಹುಡುಗ ಅರ್ಧ ಹಗುರಾದ.

ಎರಡನೇ ಭೇಟಿಯಲ್ಲಿ ಬೇಸ್ ದುರಸ್ತಿ ಬಲ್ಲವರೊಬ್ಬರು ಜೊತೆಗಿದ್ದರು. ಹೆಚ್ಚು ಹೊತ್ತು ಹೋದದ್ದು ಮರದ ಮಾತಿಗೆ. ಕೆತ್ತಿದ ಸ್ಪ್ರೂಸ್ ಮರದ ಹಲಗೆಯ ನಾದ ಚೆನ್ನ ಎಂಬುದು ನಿಜ, ಆದರೆ ಈ ಬೆಲೆಗೆ ಬರುವ ಕೆತ್ತನೆಯ ಬೇಸಿನಲ್ಲಿ ಸರಿಯಾಗಿ ಒಣಗದ ಮರ ಇರುವ ಸಂಭವವೇ ಹೆಚ್ಚು. ಬೆಳಗಾವಿಯ ಮಳೆಗಾಲದಲ್ಲಿ ಅದು ನೀರು ಹೀರಿ ಉಬ್ಬುತ್ತದೆ, ಏಪ್ರಿಲ್ ಬಿಸಿಲಿಗೆ ಕುಗ್ಗುತ್ತದೆ. ಅಂಚು ಅಂಟಿಕೊಂಡಿರುವುದರಿಂದ ಕುಗ್ಗಲು ಜಾಗವಿಲ್ಲದೆ ಹಲಗೆ ಉದ್ದಕ್ಕೆ ಸೀಳುತ್ತದೆ. ಪ್ಲೈವುಡ್‌ನಲ್ಲಿ ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುತ್ತದೆ, ಹಾಗಾಗಿ ಈ ಕಾಟ ಬಹಳ ಕಡಿಮೆ. ಪ್ಲೈ ಎಂದರೆ ಕಳಪೆ ಎಂಬ ಅಳುಕು ಅವನಲ್ಲಿತ್ತು. ಅಮೆರಿಕದ ಕೇ ಕಂಪನಿ 1930ರ ದಶಕದ ಕೊನೆಯಿಂದ ಮಾಡಿದ ಪ್ಲೈವುಡ್ ಬೇಸ್‌ಗಳನ್ನು ಜಾಝ್ ಕಲಾವಿದರು ಇಂದಿಗೂ ಹುಡುಕಿ ಕೊಳ್ಳುತ್ತಾರೆ ಎಂದಾಗ ಅಳುಕು ಹೋಯಿತು.

ಅಳತೆಯದೂ ಹೀಗೇ. ಜಗತ್ತಿನಲ್ಲಿ ಬಹುಪಾಲು ಮಂದಿ ನುಡಿಸುವುದು ಮುಕ್ಕಾಲು ಅಳತೆಯದ್ದು. ಅದರಲ್ಲಿ ತಂತಿಯ ಉದ್ದ ಸುಮಾರು 104ರಿಂದ 106 ಸೆಂಟಿಮೀಟರ್. ಅವನ ಬೇಸ್ ಗಿಟಾರಿನದು 86. ಶ್ರುತಿ ಅದೇ ಇ, ಎ, ಡಿ, ಜಿ ಆದರೂ ಸ್ವರಗಳ ನಡುವಿನ ಅಂತರ ಹಿಗ್ಗಿರುತ್ತದೆ. ಪೂರ್ಣ ಅಳತೆಗೆ ಹೋದರೆ ಬೆರಳು ಇನ್ನೂ ಚಾಚಬೇಕು, ಹೊರುವ ಕಷ್ಟ ಬೇರೆ.

ಆಮೇಲೆ ದುಡ್ಡಿನ ಲೆಕ್ಕ. ತಂಬೂರಿಯನ್ನು ಮಿರಜದಿಂದ ತಂದರೂ ಜವಾರಿ (ಕುದುರೆಯನ್ನು ನಾದಕ್ಕೆ ಹದಗೊಳಿಸುವುದು) ಕೂಡದಿದ್ದರೆ ಅದು ಬರೀ ಕುಂಬಳದ ಬುರುಡೆ. ಬೇಸಿಗೂ ಹಾಗೆಯೇ ಸೆಟಪ್, ಅಂದರೆ ನುಡಿಸಲು ಹದವಾಗುವಂತೆ ತಂತಿಯ ಎತ್ತರ ಹೊಂದಿಸುವ ಕೆಲಸ, ಆಗಬೇಕು. ಅಗ್ಗದ ಹೊಸ ಬೇಸ್ ಬರುವಾಗ ತಂತಿ 12 ಮಿ.ಮೀ.ಗೂ ಮೇಲೆ ನಿಂತಿರುತ್ತದೆ. ಅದನ್ನೇ ಒತ್ತಿ ಕಲಿತವರು ಮಣಿಕಟ್ಟು ನೋಯಿಸಿಕೊಂಡು ಬಿಟ್ಟುಬಿಡುತ್ತಾರೆ, ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ. ಬೆರಳಲ್ಲಿ ಮೀಟಲು ಉಕ್ಕಿನ ತಂತಿ ಫಿಂಗರ್‌ಬೋರ್ಡಿನ ಕೊನೆಯಲ್ಲಿ ಜಿ ಕಡೆ 5–6, ಇ ಕಡೆ 8–9 ಮಿ.ಮೀ. ಇದ್ದರೆ ಹದ. ಹೀಗಾಗಿ ವಾದ್ಯಕ್ಕೆ 40,000 ಮಾತ್ರ; ಸೆಟಪ್ ಮತ್ತು ತಂತಿಗೆ 15,000, ಏಕೆಂದರೆ ಒಳ್ಳೆಯ ತಂತಿಯ ಒಂದು ಸೆಟ್ಟೇ ಹತ್ತು ಸಾವಿರ ದಾಟುತ್ತದೆ; ಸಾಗಾಟಕ್ಕೆ 5,000. ಕಮಾನು ಮುಂದಿನ ವರ್ಷಕ್ಕೆ. ಪಿಕಪ್ (ಸದ್ದನ್ನು ಆಂಪ್ಲಿಫೈಯರಿಗೆ ಕಳಿಸುವ ಸಾಧನ) ಸದ್ಯಕ್ಕೆ ಬೇಡವೇ ಬೇಡ. ಈ ಲೆಕ್ಕ ಬರೆದ ಹಾಳೆಯನ್ನು ತಾಯಿಯ ಮುಂದಿಟ್ಟು ಓದಿ ಹೇಳು ಎಂದೆವು. ದುಡ್ಡು ಕೊಟ್ಟವರಿಗೆ ಲೆಕ್ಕ ಗೊತ್ತಾದರೆ ಭಯ ಅರ್ಧ ಇಳಿಯುತ್ತದೆ. ಒಳ್ಳೆಯ ಸ್ಥಿತಿಯ ಮುಕ್ಕಾಲು ಪ್ಲೈ ಬೇಸನ್ನು ಬೇಡವಾದಾಗ ಮಾರಬಹುದು, ಹಾಕಿದ್ದೆಲ್ಲ ಮುಳುಗುವುದಿಲ್ಲ ಎಂದೂ ಹೇಳಲು ತಿಳಿಸಿದೆವು.

ಎರಡು ತಿಂಗಳ ನಂತರ ಗೋವಾದಲ್ಲಿ ಬಳಸಿದ ಪ್ಲೈ ಬೇಸ್ ಒಂದು ಸಿಕ್ಕಿತು, ಹೇಳಿದ ಬೆಲೆ 48,000. ನೋಡುವ ಕ್ರಮವನ್ನು ಅವನಿಗೆ ಬರೆದು ಕೊಟ್ಟಿದ್ದೆವು. ಎಲ್ಲಕ್ಕಿಂತ ಮೊದಲು ಕತ್ತು ಹೊಟ್ಟೆಗೆ ಕೂಡುವಲ್ಲಿ ಬೆಳಕು ಬಿಟ್ಟು ನೋಡುವುದು. ಅಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ, ಕತ್ತು ಅಲುಗಿಸಿದಾಗ ಕಿರ್ ಎಂದರೂ ನಮಸ್ಕಾರ ಹೇಳಿ ಬರುವುದು. ನಾಲ್ಕು ತಂತಿಯ ಎಳೆತವೆಲ್ಲ ಆ ಕೀಲಿನ ಮೇಲೇ, ಅದರ ದುರಸ್ತಿ ವಾದ್ಯದ ಬೆಲೆಯನ್ನೇ ನುಂಗಬಹುದು. ಆಮೇಲೆ ಬೆರಳ ಗೆಣ್ಣಿನಿಂದ ಅಂಚಿನ ಸುತ್ತ ತಟ್ಟುವುದು. ಗಟ್ಟಿ ಸದ್ದಿನ ನಡುವೆ ಎಲ್ಲಾದರೂ ಗಿಲಕಿಯಂತೆ ಸದ್ದು ಬಂದರೆ ಅಲ್ಲಿ ಅಂಟು ಬಿಟ್ಟಿದೆ. ಅದಕ್ಕೆ ಹೆದರಬೇಕಿಲ್ಲ. ಮರ ಸೀಳುವ ಬದಲು ಅಂಟೇ ಬಿಡಲಿ ಎಂದು ಅಲ್ಲಿ ಬೇಕೆಂದೇ ಪ್ರಾಣಿಜನ್ಯ ಅಂಟನ್ನು ಹಾಕಿರುತ್ತಾರೆ, ಮತ್ತೆ ಕೂಡಿಸಬಹುದು. ಬಡಿಗೇರರ ಬಿಳಿ ಅಂಟು ಮಾತ್ರ ಹಚ್ಚಬಾರದು, ಮುಂದೆ ಬಿಚ್ಚುವಾಗ ಮರವೇ ಕಿತ್ತು ಬರುತ್ತದೆ.

ಕೊನೆಗೆ ಫಿಂಗರ್‌ಬೋರ್ಡ್. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಟ್ಟೆ ಕಪ್ಪಾಯಿತು. ಕೆಳಬದಿಯಲ್ಲಿ ಉಗುರು ಗೀರಿದಲ್ಲಿ ಹಳದಿ ಮರ ಇಣುಕಿತು. ಎಬನಿ ಎಂಬ ಗಟ್ಟಿ ಕರಿಮರ ಅಲ್ಲ, ಮೆತ್ತನೆ ಮರಕ್ಕೆ ಬಣ್ಣ. ತಂತಿ ಅದರಲ್ಲಿ ಬೇಗ ಗೆರೆ ಕೊರೆಯುತ್ತದೆ, ಕೆಲ ವರ್ಷಕ್ಕೆ ಹತ್ತರಿ ಹೊಡೆಸಬೇಕಾಗುತ್ತದೆ. ತಂತಿಯ ಎತ್ತರ ಜಿ 11, ಇ 14. ಬ್ರಿಜ್‌ನ ಕಾಲಿಗೆ ಎತ್ತರ ಹೊಂದಿಸುವ ಚಕ್ರ ಇರಲಿಲ್ಲ. ಕೆಳಗಿನ ಅಂಚಿನಲ್ಲಿ ಒಂದು ಗೇಣು ಅಂಟು ಬಿಟ್ಟಿತ್ತು. ಕತ್ತಿನ ಕೀಲು ಮಾತ್ರ ಕಲ್ಲಿನಂತೆ ಗಟ್ಟಿ. ಈ ಕೊರತೆಗಳನ್ನು ಒಂದೊಂದಾಗಿ ತೋರಿಸಿ ಕೇಳಿದ್ದಕ್ಕೆ ಬೆಲೆ 40,000ಕ್ಕೆ ಇಳಿಯಿತು.

ಚೋರ್ಲಾ ಘಾಟಿನಲ್ಲಿ ಕಾರಿನಲ್ಲಿ ತರುವಾಗ ಬೇಸನ್ನು ಪಕ್ಕೆಯ ಮೇಲೆ ಮಲಗಿಸಿ, ಕತ್ತಿನ ಕೆಳಗೆ ಕೌದಿ ಮಡಚಿಟ್ಟ. ತಂತಿಗಳ ಕೆಳತುದಿ ಸಿಕ್ಕಿಸುವ ಬಾಲಪಟ್ಟಿಯ ಅಡಿಗೂ ಬಟ್ಟೆ ತುರುಕಿದ, ಬ್ರಿಜ್ ಜಾರಿದರೂ ಹೊಟ್ಟೆಗೆ ಪೆಟ್ಟಾಗದಂತೆ. ತಂತಿಗಳನ್ನು ಸ್ವಲ್ಪವೇ ಸಡಿಲಿಸಿದ. ಪೂರ್ತಿ ಬಿಚ್ಚಿದರೆ ಒಳಗೆ ನಿಂತ ಮರದ ಕಡ್ಡಿ, ಸೌಂಡ್‌ಪೋಸ್ಟ್, ಬೀಳಬಹುದು. ಅದಕ್ಕೆ ಅಂಟಿಲ್ಲ, ತಂತಿಯ ಒತ್ತಡವೇ ಅದನ್ನು ನಿಲ್ಲಿಸಿರುವುದು. ತಂತಿ ಬದಲಿಸುವಾಗಲೂ ಒಂದು ಬಿಚ್ಚಿ ಒಂದು ಹಾಕಬೇಕು.

ಚಕ್ರ ಕೂರಿಸಿ, ಅಂಟು ಹಾಕಿ, ಉಕ್ಕಿನ ತಂತಿ ಏರಿಸಿದ ಮೇಲೆ ಅಭ್ಯಾಸಕ್ಕೂ ಮಿತಿ ಹೇಳಿದೆವು. ಮೊದಲ ತಿಂಗಳು ದಿನಕ್ಕೆ ಎರಡು ಸಲ, ಇಪ್ಪತ್ತು ನಿಮಿಷ. ಎಡಗೈಯಲ್ಲಿ ನಟ್‌ಗೆ ಹತ್ತಿರದ, ತಗ್ಗು ಸ್ವರದ ಸ್ಥಾನಗಳಿಗೆ ತೋರುಬೆರಳು, ನಡುಬೆರಳು, ಕಿರುಬೆರಳು. ಉಂಗುರಬೆರಳು ಕಿರುಬೆರಳಿಗೆ ಆಸರೆ. ಗಿಟಾರಿನ ರೂಢಿಯಂತೆ ಹೆಬ್ಬೆರಳಿನಿಂದ ಹಿಂಡದೆ ತೋಳಿನ ಭಾರ ಬಿಡಬೇಕು. ಹೆಬ್ಬೆರಳ ಬುಡ ನೊಂದರೆ ಅಂದಿಗೆ ನಿಲ್ಲಿಸಬೇಕು.

ಜುಲೈಯಲ್ಲಿ ಮತ್ತೆ ಬಂದ. ನಿದ್ದೆ ಸರಿಹೋಗಿತ್ತು, ಪರೀಕ್ಷೆ ಮುಗಿದಿತ್ತು, ತಿಂಗಳಿಗೆ 1,500 ತಾಯಿಯ ಕೈಗೆ ಕೊಡುತ್ತಿದ್ದ. ಮಳೆ ಹತ್ತಿದ ಮೇಲೆ ತಂತಿ ಬಿಗಿಯಾಗಿದೆ, ಏನೋ ಕೆಟ್ಟಿದೆ ಎಂದು ಮತ್ತೆ ಗಾಬರಿ. ತೇವಕ್ಕೆ ಹೊಟ್ಟೆ ಉಬ್ಬಿ ಬ್ರಿಜ್ ಮೇಲೆದ್ದಿತ್ತು, ಅಷ್ಟೆ. ಎರಡೂ ಚಕ್ರವನ್ನು ಸಮನಾಗಿ ಕಾಲು ಸುತ್ತು ಇಳಿಸಿ, ಅಳೆದು ನೋಡಿ, ಸಾಲದಿದ್ದರೆ ಇನ್ನೊಂದು ಕಾಲು ಸುತ್ತು ಎಂದು ಹೇಳಿ ಕಳಿಸಿದೆವು. ಚಳಿಗಾಲದ ಒಣಹವೆಗೆ ತಂತಿ ಕೆಳಗಿಳಿದು ಗರ್ ಎಂದಾಗ ಅಷ್ಟನ್ನೇ ಮೇಲೇರಿಸಬೇಕು. ಅದಕ್ಕೆಂದು ಆ ದಿನದ ಅಳತೆಯನ್ನು ಪೆನ್ಸಿಲಿನಿಂದ ಬ್ರಿಜ್‌ನ ಹಿಂಬದಿಗೆ ಬರೆದಿಟ್ಟುಕೊಂಡಿದ್ದಾನೆ.