ಡಯನೆಲ್ಲಾ ಎಲೆಯ ತುದಿ ಸುಟ್ಟರೆ ನೀರು ಹೆಚ್ಚಿಸಬೇಡಿ

ಪ್ರಶ್ನೆ: ನಮ್ಮದು ಚಿಂತಾಮಣಿ. ಮನೆಯ ಪಡುವಣ ಗೋಡೆಯ ಪಕ್ಕ ಬಿಳಿ ಗೆರೆಯ ಡಯನೆಲ್ಲಾ (ಉದ್ದ ಪಟ್ಟಿಯಂಥ ಎಲೆಯ ಅಲಂಕಾರದ ಗಿಡ) ಗಿಡಗಳನ್ನು ಸಾಲಾಗಿ ನೆಟ್ಟಿದ್ದೇವೆ. ದಿನವೂ ಬೋರ್‌ವೆಲ್ ನೀರು ಹಾಕಿದರೂ ಎಲೆಯ ತುದಿ ಕಂದಾಗಿ ಒಣಗುತ್ತಿದೆ. ಎರಡು ಗಿಡ ಬುಡದಲ್ಲೇ ಕೊಳೆತವು. ಏನು ಮಾಡಬೇಕು?

ಉತ್ತರ: ಮೊದಲು ದಿನವೂ ನೀರು ಹಾಕುವುದನ್ನು ನಿಲ್ಲಿಸಿ. ಆಳದ ಬೋರ್ ನೀರಿನಲ್ಲಿ ಲವಣ ಜಾಸ್ತಿ. ಸ್ವಲ್ಪ ಸ್ವಲ್ಪವೇ ಹಾಕಿದ ನೀರು ಆವಿಯಾಗಿ, ಉಪ್ಪು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಬೇರು ಹೀರಿದ ಉಪ್ಪು ಎಲೆಯ ತುದಿಗೆ ಹೋಗಿ ಸೇರುವುದರಿಂದ ಅಲ್ಲೇ ಮೊದಲು ಸುಡುತ್ತದೆ. ಮಣ್ಣಿನ ಮೇಲೆ ಬಿಳಿ ಪುಡಿ ಕಂಡರೆ ಅನುಮಾನವೇ ಬೇಡ.

ಎಲೆಯನ್ನು ಹತ್ತಿರದಿಂದ ನೋಡಿ. ತುದಿ ಮಾತ್ರ ಕಂದಾಗಿದ್ದರೆ ಉಪ್ಪು. ಎಲೆಯ ನಡುವೆ ಬಿಳಚಿದ ಅಗಲ ಪಟ್ಟೆಯಿದ್ದರೆ ಬಿಸಿಲು; ಬಿಳಿ ಗೆರೆಯ ಭಾಗದಲ್ಲಿ ಪತ್ರಹರಿತ್ತು ಕಡಿಮೆ, ಮಾರ್ಚ್‌ನಿಂದ ಮೇವರೆಗಿನ ಮಧ್ಯಾಹ್ನದ ಬಿಸಿಲನ್ನು ಅದು ತಡೆಯದು. ಒಳಗಿನ ಎಲೆ ಮೆಲ್ಲಗೆ ಎಳೆದರೆ ಕೈಗೇ ಬಂದು, ಬುಡ ಮೆತ್ತಗಿದ್ದರೆ ಕೊಳೆ. ಅಂಥ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ.

ಉಳಿದವನ್ನು ಮುಂಗಾರು ಹಿಡಿದ ಮೇಲೆ ಬೆಳಗಿನ ಬಿಸಿಲು ಮಾತ್ರ ಬೀಳುವ ಮೂಡಣ ಬದಿಗೆ ಬದಲಾಯಿಸಿ. ಗುಂಪನ್ನು ಅಗೆದು, ಒಂದೊಂದರಲ್ಲೂ 2–3 ಮೊಳಕೆ ಮತ್ತು ಬೇರು ಇರುವಂತೆ ಚೂಪು ಚಾಕುವಿನಿಂದ ಬಿಡಿಸಿ, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ. ಗುಂಡಿ ಒಂದಡಿ ಅಗಲ, ಒಂದಡಿ ಆಳ ಸಾಕು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಬುಡ ನೆಲಮಟ್ಟಕ್ಕಿರಲಿ; ಹೂತುಹೋದರೆ ಮತ್ತೆ ಕೊಳೆಯುತ್ತದೆ.

ಬೇರು ಹಿಡಿಯುವವರೆಗೆ, ಸುಮಾರು ಮೂರು ವಾರ, ಮಳೆ ಇಲ್ಲದಿದ್ದರೆ ದಿನ ಬಿಟ್ಟು ದಿನ ನೀರು ಕೊಡಿ. ಆಮೇಲೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಚಳಿಗಾಲದಲ್ಲಿ ಒಂದು ಸಲ. ಕೊಟ್ಟಾಗ ಮಾತ್ರ ಬೇರಿನ ಕೆಳಗಿಳಿಯುವಷ್ಟು ಕೊಡಿ, ಉಪ್ಪೂ ಜೊತೆಗೆ ಇಳಿದುಹೋಗಲಿ. ಮಳೆನೀರಿಗಿಂತ ಒಳ್ಳೆಯ ಮದ್ದಿಲ್ಲ: 100 ಚದರ ಅಡಿ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 90 ಲೀಟರ್ ಆಗುತ್ತದೆ, ಒಂದೆರಡು ಡ್ರಮ್ ಇಟ್ಟುಕೊಳ್ಳಿ. ಆರ್‌ಒ ಫಿಲ್ಟರ್‌ನಿಂದ ಹೊರಬೀಳುವ ನೀರನ್ನು ಇದಕ್ಕೆ ಹಾಕಲೇಬೇಡಿ, ಅದರಲ್ಲಿ ಬೋರ್ ನೀರಿಗಿಂತಲೂ ಹೆಚ್ಚು ಉಪ್ಪಿರುತ್ತದೆ.

ಸುಟ್ಟ ತುದಿ ಮತ್ತೆ ಹಸಿರಾಗದು. ಓರೆಯಾಗಿ ಕತ್ತರಿಸಿ, ಹೊಸ ಎಲೆಯನ್ನು ಗಮನಿಸಿ. ಪೂರ್ತಿ ಹಸಿರಾದ ಮೊಳಕೆ ಎದ್ದರೆ ಬುಡದಿಂದಲೇ ಕಿತ್ತುಬಿಡಿ, ಅದು ಜೋರಾಗಿ ಬೆಳೆದು ಬಿಳಿ ಗೆರೆಯವನ್ನು ನುಂಗುತ್ತದೆ. ಎಲೆಯ ಸಂದಿಯಲ್ಲಿ ಹಿಟ್ಟು ತಿಗಣೆ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿ. ನೀಲಿ ಹೂವಿನ ನಂತರ ಮಿರುಗುವ ನೇರಳೆ ಕಾಯಿ ಬಿಟ್ಟರೆ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗೊಂಚಲನ್ನೇ ಕತ್ತರಿಸಿ ತೆಗೆಯಿರಿ. ಅದು ತಿನ್ನುವ ಹಣ್ಣಲ್ಲ.