ಐದು ಮನೆಯ ಅರೇಯಲ್ಲಿ ಆರನೆಯದನ್ನು ಕೇಳಿದರೆ?

ಪ್ರಶ್ನೆ: ಕಾಲೇಜಿನಲ್ಲಿ ಸಿ ಪ್ರೋಗ್ರಾಮಿಂಗ್ ಭಾಷೆ ಕಲಿತೆ, ಈಗ ಪೈಥಾನ್ ಕಲಿಯುತ್ತಿದ್ದೇನೆ. ಐದು ಸಂಖ್ಯೆಗಳ ಅರೇಯಲ್ಲಿ ಆರನೆಯದನ್ನು ಕೇಳಿದರೆ ಸಿ ಏನೋ ಒಂದು ಸಂಖ್ಯೆ ಕೊಡುತ್ತದೆ, ಪೈಥಾನ್ ತಪ್ಪು ಅನ್ನುತ್ತದೆ. ಯಾಕೆ ಸರ್?
– ಓದುಗರೊಬ್ಬರು, ಹಾಸನ

ಉತ್ತರ: ನಾನೂ ಇಲ್ಲೇ ಎಡವಿದವನು. ಡಿಪ್ಲೊಮಾ ಲ್ಯಾಬಿನಲ್ಲಿ ಐದು ವಿಷಯಗಳ ಅಂಕ ಕೂಡಿಸುವ ಪ್ರೋಗ್ರಾಮ್ ಬರೆದಿದ್ದೆ. ಲೂಪ್ ಒಂದು ಸುತ್ತು ಜಾಸ್ತಿ ತಿರುಗಿ ಮೊತ್ತ ಲಕ್ಷ ದಾಟುತ್ತಿತ್ತು. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ತಪ್ಪು ಹುಡುಕಲು ಇಡೀ ಸಂಜೆ ಬೇಕಾಯಿತು.

ಸಿಯಲ್ಲಿ ಅರೇ ಅಂದರೆ ಮೆಮೊರಿಯಲ್ಲಿ ಸಾಲಾಗಿರುವ ಜಾಗ, ಅಷ್ಟೇ. ಮೊದಲ ಮನೆಯ ವಿಳಾಸ 1000, ಒಂದೊಂದು ಸಂಖ್ಯೆಗೂ 4 ಬೈಟ್ ಅಂದುಕೊಳ್ಳಿ. ಇಂಡೆಕ್ಸ್ (ಸೊನ್ನೆಯಿಂದ ಎಣಿಸಿದ ಮನೆಯ ಸಂಖ್ಯೆ) 2 ಅಂದರೆ 1000ಕ್ಕೆ ಎರಡು ನಾಲ್ಕಲ ಎಂಟು ಕೂಡಿಸಿ 1008. ಎಣಿಕೆ ಸೊನ್ನೆಯಿಂದ ಶುರುವಾಗುವುದು ಈ ಲೆಕ್ಕಕ್ಕೆ ಸರಿಹೊಂದುತ್ತದೆ, ಅಲ್ವಾ? ಇಂಡೆಕ್ಸ್ 5, ಅಂದರೆ ಆರನೆಯ ಮನೆ ಕೇಳಿದರೆ 1020ರಲ್ಲಿ ಏನಿದೆಯೋ ಅದು ಬರಬಹುದು, ಪ್ರೋಗ್ರಾಮ್ ನಿಂತೂ ಹೋಗಬಹುದು. ಗಡಿ ಕಾಯುವ ಕೆಲಸ ಬರೆಯುವವರದ್ದು.

ಪೈಥಾನಿನಲ್ಲಿ ಅರೇಯ ಬದಲು ಬಳಸುವ ಲಿಸ್ಟ್ ತನ್ನ ಉದ್ದವನ್ನು ತಾನೇ ನೆನಪಿಟ್ಟುಕೊಂಡಿರುತ್ತದೆ. ಅದಕ್ಕೇ ಇಂಡೆಕ್ಸ್ ಎರರ್ ಕೊಡುತ್ತದೆ. ಜಾವಾ ಕೂಡ ಹಾಗೇ ತಡೆಯುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ಸುಮ್ನೆ ‘ಅನ್‌ಡಿಫೈನ್ಡ್’ (ಬೆಲೆಯೇ ಇಲ್ಲ ಅಂತ) ಕೊಟ್ಟು ಮುಂದೆ ಹೋಗುತ್ತದೆ. ನನಗೆ ಇದರದ್ದೇ ಭಯ ಜಾಸ್ತಿ, ಏಕೆಂದರೆ ತಪ್ಪು ಇನ್ನೆಲ್ಲೋ ಹೊರಬೀಳುತ್ತದೆ.

ಪೈಥಾನಿನಲ್ಲೂ ಒಂದು ಕಡೆ ಹುಷಾರಾಗಿರಿ. ಅಲ್ಲಿ ಇಂಡೆಕ್ಸ್ -1 ಅಂದರೆ ಕೊನೆಯ ಮನೆ. ನಿಮ್ಮ ಲೆಕ್ಕ ತಪ್ಪಿ -1 ಬಂದರೂ ಅದು ತಪ್ಪು ಅನ್ನುವುದಿಲ್ಲ. ಇನ್ನು ಮುಂದೆ ಆರ್ ಅಥವಾ ಮ್ಯಾಟ್‌ಲ್ಯಾಬ್ ಕಲಿತರೆ, ಅಲ್ಲಿ ಎಣಿಕೆ 1ರಿಂದ ಶುರು.