ರೋಗ ನಿರೋಧಕ ಹೈಬ್ರಿಡ್ ಟೊಮೆಟೊ: ಬೀಜ ಕೊಳ್ಳುವ ಮುಂಚೆ

ಪ್ರಶ್ನೆ: ನಮ್ಮದು ಒಂದೂವರೆ ಎಕರೆ ಜಮೀನು. ಮೊದಲಿನಿಂದಲೂ ನಮ್ಮದೇ ಬೀಜ ಇಟ್ಟುಕೊಂಡು ಟೊಮೆಟೊ ಬೆಳೆಯುತ್ತಿದ್ದೇವೆ. ಈಚೆಗೆ ಎಲೆ ಮುದುರಿ, ಗಿಡ ಕುಳ್ಳಾಗಿ ಕಾಯಿಯೇ ಕಟ್ಟುತ್ತಿಲ್ಲ. ಕೆಲವು ಗಿಡಗಳಂತೂ ಹಸಿರಾಗಿರುವಾಗಲೇ ಬಾಡಿ ಸಾಯುತ್ತವೆ. ರೋಗ ನಿರೋಧಕ ಹೈಬ್ರಿಡ್ ಹಾಕಿ ಎಂದು ಎಲ್ಲರೂ ಹೇಳುತ್ತಾರೆ, ಬೀಜದ ಬೆಲೆ ಕೇಳಿದರೆ ಧೈರ್ಯ ಬರುವುದಿಲ್ಲ. ಅದನ್ನು ಹಾಕಿದರೆ ಔಷಧಿ ಹೊಡೆಯುವುದು ತಪ್ಪುತ್ತದೆಯೇ? ಆ ಹಣ್ಣಿನಿಂದ ಮುಂದಿನ ಬೆಳೆಗೆ ಬೀಜ ತೆಗೆಯಬಹುದೇ?

ಉತ್ತರ: ನೀವು ಬರೆದಿರುವ ಲಕ್ಷಣಗಳು ಒಂದೇ ರೋಗದವಲ್ಲ, ಎರಡು ಬೇರೆ ಬೇರೆ ರೋಗಗಳವು. ಬೀಜದ ಬೆಲೆಯ ಮಾತು ಆಮೇಲೆ, ಮೊದಲು ಇದು ಇತ್ಯರ್ಥವಾಗಬೇಕು. ಎಲೆ ಮುದುರು ರೋಗ ವೈರಸ್‌ನಿಂದ ಬರುತ್ತದೆ, ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಬಿಳಿನೊಣ. ಹಸಿರಿದ್ದಂತೆಯೇ ಬಾಡುವುದು ಹೆಚ್ಚಾಗಿ ಮಣ್ಣಿನಲ್ಲಿರುವ ದುಂಡಾಣುವಿನಿಂದ ಬರುವ ಸೊರಗು ರೋಗ. ಇದನ್ನು ಹೊಲದಲ್ಲೇ ಪರೀಕ್ಷಿಸಬಹುದು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಅಲುಗಿಸದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ತುದಿಯಿಂದ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು. ಎಳೆ ಕಾಣದೆ, ಕೆಳಗಿನ ಎಲೆಗಳು ಮೊದಲು ಹಳದಿಯಾಗಿ ಕಾಂಡದ ಒಳಗೆ ಕಂದು ಗೆರೆ ಇದ್ದರೆ ಶಿಲೀಂಧ್ರದ ಸೊರಗು ರೋಗವನ್ನು ಶಂಕಿಸಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ‘ರೋಗ ನಿರೋಧಕ’ ಎಂದರೆ ಎಲ್ಲ ರೋಗವನ್ನೂ ತಡೆಯುವ ತಳಿ ಎಂದಲ್ಲ. ಎಲೆ ಮುದುರು ರೋಗವನ್ನು ತಡೆಯುವ ವಂಶವಾಹಿ (ಜೀನ್) ಸೊರಗು ರೋಗದ ಮುಂದೆ ಏನೂ ಮಾಡಲಾರದು. ಆದ್ದರಿಂದ ಪ್ಯಾಕೆಟ್ ಮೇಲಿನ ದೊಡ್ಡ ಅಕ್ಷರ ಬಿಟ್ಟು, ಯಾವ ಯಾವ ರೋಗದ ಹೆಸರಿದೆ ಎಂದು ಓದಿ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಎಚ್‌ಆರ್, ಐಆರ್ ಎಂಬ ಗುರುತು ಇರುತ್ತದೆ. ಎಚ್‌ಆರ್ ಎಂದರೆ ಹೆಚ್ಚಿನ ನಿರೋಧಕತೆ. ಐಆರ್ ಎಂದರೆ ಮಧ್ಯಮ ಮಟ್ಟದ್ದು, ರೋಗದ ಒತ್ತಡ ಜೋರಾದಾಗ ಗಿಡ ಲಕ್ಷಣ ತೋರಿಸಿಯೇ ತೋರಿಸುತ್ತದೆ. ಎಲೆ ಮುದುರು ರೋಗಕ್ಕೆ ಸಿಗುವ ತಳಿಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಪಿನವು. ವೈರಸ್ ಗಿಡದೊಳಗೆ ಸೇರುತ್ತದೆ, ಆದರೆ ಅಷ್ಟಾಗಿ ಹೆಚ್ಚುವುದಿಲ್ಲ, ಗಿಡ ಕಾಯಿ ಬಿಡುತ್ತದೆ. ನಿಮಗೆ ಎರಡೂ ರೋಗ ಇರುವುದು ಖಚಿತವಾದರೆ ಎರಡರ ಹೆಸರೂ ಇರುವ ತಳಿಯನ್ನೇ ಹುಡುಕಿ. ಅದು ಸಿಗದಿದ್ದರೆ, ಸೊರಗು ರೋಗ ತಡೆಯುವ ಬದನೆಯ ಬೇರುಗಿಡದ ಮೇಲೆ ಕಸಿ ಮಾಡಿದ ಟೊಮೆಟೊ ಸಸಿ ಇನ್ನೊಂದು ದಾರಿ.

ಔಷಧಿ ಪೂರ್ತಿ ತಪ್ಪುವುದಿಲ್ಲ. ಕಾಯಿಕೊರಕ ಹುಳುವಿಗೆ ಯಾವ ತಳಿಯಾದರೂ ಒಂದೇ. ಆದರೆ ಬಿಳಿನೊಣದ ಭಯಕ್ಕೆ ಮೇಲಿಂದ ಮೇಲೆ ಹೊಡೆಯುವ ಸಿಂಪಡಣೆ ಕಡಿಮೆಯಾಗಬೇಕು. ಬೀಜಕ್ಕೆ ಕೊಟ್ಟ ಹೆಚ್ಚಿನ ಹಣ ಮರಳಿ ಬರುವುದೇ ಅಲ್ಲಿಂದ. ಹೈಬ್ರಿಡ್ ಕೊಂಡೂ ಹಳೆಯ ಲೆಕ್ಕದಲ್ಲೇ ಸಿಂಪಡಿಸಿದರೆ ಎರಡು ಕಡೆ ಖರ್ಚು. ಸಸಿಮಡಿಗೆ ಮಾತ್ರ ಒತ್ತು ನೆಯ್ಗೆಯ ಕೀಟ ನಿರೋಧಕ ಪರದೆ ತಪ್ಪದೆ ಹಾಕಿ, ಏಕೆಂದರೆ ಎಳೆ ವಯಸ್ಸಿನಲ್ಲಿ ವೈರಸ್ ತಗುಲಿದರೆ ನಿರೋಧಕ ಗಿಡವೂ ಬಳಲುತ್ತದೆ.

ಬೀಜ ತೆಗೆಯುವ ಪ್ರಶ್ನೆಗೆ: ತೆಗೆಯಬೇಡಿ. ಎರಡು ತಳಿಗಳನ್ನು ಕೂಡಿಸಿ ಪಡೆದ ಹೈಬ್ರಿಡ್ ಗಿಡಕ್ಕೆ ನಿರೋಧಕ ವಂಶವಾಹಿ ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದೆ ಎಂದಿಟ್ಟುಕೊಳ್ಳಿ. ಅದರ ಹಣ್ಣಿನ ಬೀಜ ಬಿತ್ತಿದರೆ ನೂರರಲ್ಲಿ ಸುಮಾರು 25 ಗಿಡಗಳಿಗೆ ಆ ವಂಶವಾಹಿ ಬರುವುದೇ ಇಲ್ಲ. ಎರಡು ರೋಗಗಳಿಗೆ ಒಂದೊಂದು ವಂಶವಾಹಿ ಎಂದಾದರೆ ಎರಡೂ ಇರುವ ಗಿಡಗಳು ಹದಿನಾರಕ್ಕೆ ಒಂಬತ್ತು ಮಾತ್ರ. ಕಾಯಿಯ ಗಾತ್ರ, ಬಣ್ಣ, ಕೊಯ್ಲಿನ ಕಾಲ ಎಲ್ಲವೂ ಚದುರಿಹೋಗುತ್ತವೆ. ಬೀಜ ಇಟ್ಟುಕೊಳ್ಳುವ ನಿಮ್ಮ ರೂಢಿ ಬಿಡಲು ಮನಸ್ಸಿಲ್ಲದಿದ್ದರೆ, ಹೈಬ್ರಿಡ್ ಅಲ್ಲದ ನಿರೋಧಕ ತಳಿಗಳನ್ನು ಕೇಳಿ. ಅವುಗಳ ಬೀಜ ಮರುವರ್ಷಕ್ಕೂ ಆಗುತ್ತದೆ. ಸಣ್ಣ ಹಿಡುವಳಿಗೆ ಇದು ಎಷ್ಟೋ ಸಲ ಒಳ್ಳೆಯ ಆಯ್ಕೆ, ಬೀಜ ಮಾರುವವರು ಮಾತ್ರ ಇದನ್ನು ತಾವಾಗಿ ಹೇಳುವುದು ಅಪರೂಪ.

ಇಡೀ ಜಮೀನಿಗೆ ಒಮ್ಮೆಲೇ ಹೊಸ ತಳಿ ಹಾಕಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಭಾರತದಲ್ಲಿ ಸಜ್ಜೆಯ ಮೊದಲ ಹೈಬ್ರಿಡ್ ಎಚ್‌ಬಿ-1 ಬಂದದ್ದು 1965ರಲ್ಲಿ. ಇಳುವರಿ ಕಂಡು ರೈತರು ಅದಕ್ಕೂ ಅದರ ನಂತರದ ಹೈಬ್ರಿಡ್‌ಗಳಿಗೂ ಒಲಿದರು. ಅವುಗಳ ತಾಯಿ ತಳಿ ಒಂದೇ ಆಗಿತ್ತು. 1970ರ ದಶಕದ ಆರಂಭದಲ್ಲಿ ಬೂಜು ತುಪ್ಪಟ ರೋಗ ಎರಗಿದಾಗ ತೆನೆಗಳು ಕಾಳಿಲ್ಲದೆ ಎಲೆಯ ಕುಚ್ಚಾದವು. ಅಮೆರಿಕದಲ್ಲೂ 1970ರಲ್ಲಿ ಹೀಗೇ ಆಯಿತು. ಅಲ್ಲಿನ ಹೈಬ್ರಿಡ್ ಮೆಕ್ಕೆಜೋಳದ ಬಹುಪಾಲಿಗೆ ಒಂದೇ ತಾಯಿ ಮೂಲವಿದ್ದುದರಿಂದ ಎಲೆ ಅಂಗಮಾರಿಗೆ ದೇಶದ ಬೆಳೆಯಲ್ಲಿ ಸುಮಾರು ಶೇ. 15ರಷ್ಟು ಹೋಯಿತು. ಸುತ್ತಮುತ್ತ ಎಲ್ಲರೂ ಒಂದೇ ತಳಿ ಹಾಕಿದರೆ ಅದನ್ನು ಮಣಿಸಬಲ್ಲ ರೋಗಾಣುವಿಗೆ ಊಟ ಬಡಿಸಿಟ್ಟಂತೆ.

ಒಳ್ಳೆಯ ಉದಾಹರಣೆಯೂ ಸಜ್ಜೆಯಲ್ಲೇ ಇದೆ. ಬೇಗ ಕೊಯ್ಲಿಗೆ ಬರುವ ಎಚ್‌ಎಚ್‌ಬಿ 67 ಹೈಬ್ರಿಡ್ ರೈತರ ಮೆಚ್ಚಿನದಾಗಿತ್ತು. ಅದೂ ಬೂಜು ತುಪ್ಪಟಕ್ಕೆ ಸೋಲತೊಡಗಿದಾಗ ತಳಿ ತಜ್ಞರು ಬೇರೆ ಹೈಬ್ರಿಡ್ ತಂದು ಹೇರಲಿಲ್ಲ. ಅದರ ತಂದೆ-ತಾಯಿ ತಳಿಗಳಿಗೇ ನಿರೋಧಕತೆ ಸೇರಿಸಿ, 2005ರಲ್ಲಿ ಸುಧಾರಿತ ರೂಪ ಹೊರತಂದರು. ರೈತ ಮೆಚ್ಚಿದ ಗುಣ ಹಾಗೆಯೇ ಉಳಿಯಿತು. ನೀವು ಹೊಸ ಟೊಮೆಟೊ ನೋಡುವಾಗಲೂ ಇದೇ ಕಣ್ಣಿರಲಿ: ಹಣ್ಣಿನ ಆಕಾರ, ಹುಳಿ, ಸಿಪ್ಪೆಯ ಗಟ್ಟಿತನ ಕೊಳ್ಳುವವರಿಗೆ ಒಪ್ಪಿಗೆಯೇ? ರೋಗ ತಾಳಿಯೂ ಮಾರಾಟವಾಗದ ಹಣ್ಣು ಬೆಳೆದವರನ್ನು ಕಂಡು ನನಗೆ ಸಂಕಟವಾಗಿದೆ.

ಮೊದಲ ಸಲ ಜಮೀನಿನ ನಾಲ್ಕನೇ ಒಂದು ಭಾಗ ಸಾಕು. ಬಿಳಿನೊಣ ಹೆಚ್ಚಿರುವ ಕಾಲದಲ್ಲೇ ಹಾಕಿ, ಇಲ್ಲವಾದರೆ ನಿರೋಧಕತೆ ಇದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಹಳೆಯ ತಳಿ ಪಕ್ಕದ ಸಾಲಿನಲ್ಲೇ ಇರಲಿ. ನಾಟಿ, ಗೊಬ್ಬರ, ನೀರು ಎರಡಕ್ಕೂ ಒಂದೇ ರೀತಿ ಕೊಡಿ. ಬೀಜ, ಸಿಂಪಡಣೆ, ಕೂಲಿಯ ಖರ್ಚನ್ನು ಎರಡಕ್ಕೂ ಬೇರೆ ಬೇರೆ ಬರೆದಿಡಿ. ಖಾಲಿ ಪ್ಯಾಕೆಟ್, ಅದರ ಮೇಲಿನ ಲಾಟ್ ಸಂಖ್ಯೆ ಮತ್ತು ರಸೀದಿಯನ್ನು ಕೊನೆಯ ಕೊಯ್ಲಿನವರೆಗೆ ಎಸೆಯಬೇಡಿ. ಬೀಜದ ಬಗ್ಗೆ ದೂರು ಕೊಡಬೇಕಾಗಿ ಬಂದರೆ ಮೊದಲು ಕೇಳುವುದು ಅವನ್ನೇ.